ನೆಲ ಒರೆಸುವ ಕೋಲು ಹಿಡಿದು ಆರಿಸಿದ ಸೈಕಲ್

ಈ ಸೈಕಲ್ ಆರಿಸೋಕೆ ನನಗೆ 11 ತಿಂಗಳು ಹಿಡಿಯಿತು. ದುಡ್ಡು ಹೊಂದಿಸೋಕೆ ಅಷ್ಟು ದಿನ ಬೇಕಿರಲಿಲ್ಲ. ನನ್ನ ಸೊಂಟ ಏನು ಕೇಳುತ್ತಿದೆ ಅಂತ ತಿಳಿಯೋಕೆ ಬೇಕಾಯಿತು. ನಡುವೆ ಒಂದು ತಪ್ಪು ಸೈಕಲ್ ಕೊಂಡು ನಷ್ಟಕ್ಕೆ ಮಾರಿದೆ. ಇನ್ನೊಂದಕ್ಕೆ ಅಡ್ವಾನ್ಸ್ ಕೊಡೋದು ಅಂತ ನಿರ್ಧಾರ ಮಾಡಿ ಕೊಡದೆ ಬಿಟ್ಟೆ.

ಸೊಂಟನೋವು ಇಟ್ಟುಕೊಂಡೇ ಸೈಕಲ್‌ನಲ್ಲಿ ಊರೂರು ಸುತ್ತಬೇಕು ಅಂತ ಆಸೆ ಪಡುವವಳು ನಾನೊಬ್ಬಳೇ ಅಲ್ಲ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೇ ಇನ್ನಿಬ್ಬರಿದ್ದಾರೆ. ಅವರು ಕೇಳಿದಾಗೆಲ್ಲ ತುಂಡು ತುಂಡಾಗಿ ಹೇಳುತ್ತಾ ಬಂದೆ. ದಸರಾ ರಜೆಯಲ್ಲಿ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಮೊದಲು ಸೊಂಟದ ವಿಷಯ. ಮೂರು ವರ್ಷದ ಹಿಂದೆ ಜುಲೈ ತಿಂಗಳ ಒಂದು ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸೋಕೆ ಬಗ್ಗಿದೆ. ಏಳೋಕೆ ಆಗಲಿಲ್ಲ. ಭಾರ ಎತ್ತಿರಲಿಲ್ಲ, ಜಾರಿ ಬಿದ್ದಿರಲಿಲ್ಲ. ಸುಮ್ನೆ ಬಗ್ಗಿದ್ದೆ ಅಷ್ಟೇ. ಒಂದು ಕೈಯಲ್ಲಿ ನಲ್ಲಿ ಹಿಡಿದುಕೊಂಡು ಮಗಳನ್ನು ಕೂಗಿದೆ. ಅವಳೂ ಅವಳಪ್ಪನೂ ಸೇರಿ ನನ್ನನ್ನು ಹಾಲಿನ ನೆಲದ ಮೇಲೆ ಮಲಗಿಸಿದರು. ಎರಡು ದಿನ ಕಳೆದ ಮೇಲೆ ಎಡಗಾಲಿನ ಹೊರಬದಿಯಲ್ಲಿ, ತೊಡೆಯಿಂದ ಹೆಬ್ಬೆರಳಿನ ತನಕ, ತಂತಿ ಎಳೆದ ಹಾಗೆ ನೋವು ಇಳಿಯತೊಡಗಿತು.

ಸ್ಕ್ಯಾನ್‌ನಲ್ಲಿ ಎಲ್4-ಎಲ್5 ಅಂತ ಬಂತು. ಸೊಂಟದ ಭಾಗದಲ್ಲಿ ಐದು ಮೂಳೆಗಳಿವೆ. ಕೊನೆಯ ಎರಡು ಮೂಳೆಗಳ ನಡುವಿನ ಜಾಗ ಅದು. ಡಿಸ್ಕ್ ಸಮಸ್ಯೆ ಬಹಳಷ್ಟು ಜನರಿಗೆ ಬರುವುದು ಅಲ್ಲೇ, ಅಥವಾ ಅದರ ಕೆಳಗಿನ ಸಂದಿಯಲ್ಲಿ. ಡಿಸ್ಕ್ ಜಾರಿದೆ ಅಂತ ನಾವೆಲ್ಲ ಹೇಳುತ್ತೇವೆ. ನಿಜಕ್ಕೂ ಯಾವುದೂ ಜಾರುವುದಿಲ್ಲ. ಎರಡು ಮೂಳೆಗಳ ನಡುವೆ ಒಂದು ಮೆತ್ತೆ ಇರುತ್ತದೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಲೋಳೆಯಂಥ ತಿರುಳು. ನಾವು ಸೊಂಟ ಗುಂಡಗೆ ಮಾಡಿ ಬಗ್ಗಿದಾಗ ಮುಂದಿನ ಅಂಚು ಅದುಮಿಕೊಳ್ಳುತ್ತದೆ. ಕಡುಬನ್ನು ಒಂದು ಬದಿಯಲ್ಲಿ ಒತ್ತಿದರೆ ಹೂರಣ ಇನ್ನೊಂದು ಬದಿಗೆ ಸರಿಯುತ್ತಲ್ಲ, ಹಾಗೆ ತಿರುಳು ಹಿಂದಕ್ಕೆ ತಳ್ಳಿಕೊಳ್ಳುತ್ತದೆ. ಹಿಂದೆ ಸುತ್ತು ಸವೆದಿದ್ದರೆ ಅಲ್ಲಿ ಉಬ್ಬುತ್ತದೆ. ಪಕ್ಕದಲ್ಲೇ ಕಾಲಿಗೆ ಹೋಗುವ ನರ.

ಆಪರೇಷನ್ ಬೇಕಾಗಲಿಲ್ಲ. ಹೆಚ್ಚಿನವರಿಗೆ ಬೇಕಾಗುವುದಿಲ್ಲ, ಕೆಲವು ವಾರ ಇಲ್ಲವೇ ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಪಾದ ಎತ್ತೋಕೆ ಆಗದೆ ಹೋದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ, ತೊಡೆಸಂದಿನಲ್ಲಿ ಸ್ಪರ್ಶ ಗೊತ್ತಾಗದೆ ಹೋದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಇದನ್ನು ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ.

ಮೂರು ತಿಂಗಳಿಗೆ ನಾನು ಮತ್ತೆ ಬೋರ್ಡಿನ ಮುಂದೆ ನಿಂತೆ. ನೋವು ಹೋದರೂ ಗುರುತು ಉಳಿಯಿತು. ಉತ್ತರಪತ್ರಿಕೆ ತಿದ್ದೋಕೆ ಅರ್ಧ ಗಂಟೆ ಬಗ್ಗಿ ಕೂತರೆ ಈಗಲೂ ಎಡಗಾಲು ಜುಮ್ಮೆನ್ನುತ್ತದೆ. ನಡೆಯಿರಿ, ಈಜಿ, ಸೈಕಲ್ ತುಳಿಯಿರಿ ಅಂದರು ಡಾಕ್ಟರು. ಸೈಕಲ್ ಅಂದ ತಕ್ಷಣ ನನ್ನ ಕಿವಿ ನೆಟ್ಟಗಾಯಿತು.

ಅದಕ್ಕೆ ಕಾರಣ ನಮ್ಮಪ್ಪ. ಕೆ.ಆರ್. ಪೇಟೆ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದರು. 26 ವರ್ಷ ಒಂದೇ ಅಟ್ಲಾಸ್ ಸೈಕಲ್‌ನಲ್ಲಿ ದಿನಾ 11 ಕಿಲೋಮೀಟರ್ ಹೋಗಿ 11 ಕಿಲೋಮೀಟರ್ ಬರುತ್ತಿದ್ದರು. ಅದರಲ್ಲೇ ಒಳಪೆಡ್ಲು ಹೊಡೆದು ನಾನು ಸೈಕಲ್ ಕಲಿತದ್ದು. ನಿವೃತ್ತಿಯಾದ ಮೇಲೆ ನಾವಿಬ್ಬರೂ ಸೈಕಲ್‌ನಲ್ಲಿ ಮೇಲುಕೋಟೆಗೆ ಹೋಗೋಣ ಅಂತ ಅವರು ಹೇಳುತ್ತಿದ್ದರು. ಮಂಡಿ ಬಿಡಲಿಲ್ಲ. ಆ ಮಾತು ನನ್ನ ಹತ್ತಿರ ಉಳಿದುಕೊಂಡಿತ್ತು.

ಮೈಸೂರಿನ ಒಂದು ಅಂಗಡಿಗೆ ಹೋದೆ. ಅಂಗಡಿಯ ಹುಡುಗ ನನ್ನ ಎತ್ತರ ಕೇಳಿದ, ಫ್ರೇಮಿನ ಮೇಲೆ ಕಾಲಾಡಿಸಿ ನಿಲ್ಲಿಸಿದ, "ಸೈಜ್ ಸರಿಯಾಗಿದೆ ಮೇಡಂ" ಅಂದ. ನೋಡೋಕೆ ಚೆಂದದ ಹೈಬ್ರಿಡ್, ಅಂದರೆ ರೇಸ್ ಸೈಕಲ್ಲಿಗೂ ಗುಡ್ಡ ಹತ್ತುವ ಸೈಕಲ್ಲಿಗೂ ನಡುವಿನದು. ನೇರ ಹ್ಯಾಂಡಲ್, 28 ಮಿಲಿಮೀಟರ್ ಟಯರು, ತೂಕ ಕಡಿಮೆ. ಬೆನ್ನಿನ ವಿಷಯ ಹೇಳಿದೆ. "ಇದು ರೇಸ್ ಸೈಕಲ್ ಅಲ್ಲ ಮೇಡಂ, ಕಂಫರ್ಟ್ ಇದೆ, ಅಭ್ಯಾಸ ಆಗುತ್ತೆ" ಅಂದ. 32,000 ರೂಪಾಯಿ ಕೊಟ್ಟೆ.

ಅಭ್ಯಾಸ ಆಗಲಿಲ್ಲ. ಬಡಾವಣೆಯೊಳಗೆ ಐದಾರು ಕಿಲೋಮೀಟರ್ ತುಳಿದಾಗ ಏನೂ ಗೊತ್ತಾಗುತ್ತಿರಲಿಲ್ಲ. ಮೂರನೇ ವಾರ ಶ್ರೀರಂಗಪಟ್ಟಣಕ್ಕೆ ಹೊರಟೆ. ಹತ್ತು ಕಿಲೋಮೀಟರ್ ದಾಟಿದ ಮೇಲೆ ಸೊಂಟದಲ್ಲಿ ಒಂದು ಬಿಸಿ ಶುರುವಾಯಿತು. ಊರಿನ ಹತ್ತಿರ ಬರುವ ಹೊತ್ತಿಗೆ ಎಡಗಾಲು ಜೋಮು ಹಿಡಿದಿತ್ತು. ಕಾವೇರಿ ಸೇತುವೆಯ ಹತ್ತಿರ ಇಳಿದೆ. ನೀರು ನೋಡೋಕೆ ನಿಂತವಳ ಹಾಗೆ ಕಂಬಿ ಹಿಡಿದು ನಿಂತಿದ್ದೆ. ಅಳು ಬಂದಿತ್ತು. ಸೈಕಲ್ಲನ್ನು ಗೂಡ್ಸ್ ಆಟೋಗೆ ಹಾಕಿಸಿ, ಡ್ರೈವರ್ ಪಕ್ಕ ಕೂತು ಮನೆಗೆ ಬಂದೆ. ಅವನು ದಾರಿಯುದ್ದಕ್ಕೂ "ಅಕ್ಕ, ಹಂಪ್ ಬರ್ತಿದೆ, ಹಿಡ್ಕೊಳಿ" ಅಂತ ಮೊದಲೇ ಹೇಳುತ್ತಿದ್ದ. ಅವನ ತಾಯಿಗೂ ಸೊಂಟನೋವಂತೆ.

ಮನೆಯಲ್ಲಿ ಟೇಪ್ ಹಿಡಿದು ಅಳೆದೆವು. ಹ್ಯಾಂಡಲ್ ಸೀಟಿಗಿಂತ 6 ಸೆಂಟಿಮೀಟರ್ ಕೆಳಗಿತ್ತು. ಅಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಸರಿ, ಹ್ಯಾಂಡಲ್ ಎತ್ತರಿಸಿಕೊಡಿ ಅಂತ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ವಯಸ್ಸಾದ ಸಾಬರು. ಸೈಕಲ್ಲಿನ ಮುಂಭಾಗ ನೋಡಿದವರೇ ತಲೆಯಾಡಿಸಿದರು. "ಇದ್ರಲ್ಲಿ ಒಂದು ಸೆಂಟಿಮೀಟರ್ ಮೇಲೆ ಹೋಗಲ್ಲಮ್ಮ, ಪೈಪೇ ಕಟ್ ಮಾಡ್ಬಿಟ್ಟವ್ರೆ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಕೊಳ್ಳುವಾಗ ಯಾರೂ ಹೇಳುವುದಿಲ್ಲ. ಅಪ್ಪನ ಅಟ್ಲಾಸ್‌ನಂಥ ಹಳೇ ಸೈಕಲ್ಲುಗಳಲ್ಲಿ ಹ್ಯಾಂಡಲ್ಲಿನ ಕತ್ತು ಪೈಪಿನ ಒಳಗೆ ಇಳಿದಿರುತ್ತದೆ. ಮೇಲಿನ ಒಂದು ಬೋಲ್ಟ್ ಸಡಿಲಿಸಿ ಎತ್ತರಿಸಬಹುದು, ಇಳಿಸಬಹುದು. ಈಗಿನ ಸೈಕಲ್ಲುಗಳಲ್ಲಿ ಹಾಗಲ್ಲ. ಮುಂದಿನ ಫೋರ್ಕಿನದೇ ಪೈಪು ಮೇಲಕ್ಕೆ ಬಂದಿರುತ್ತದೆ, ಅದನ್ನು ಸ್ಟಿಯರರ್ ಅನ್ನುತ್ತಾರೆ. ಹ್ಯಾಂಡಲ್ ಹಿಡಿಯುವ ತುಂಡು, ಅಂದರೆ ಸ್ಟೆಮ್, ಅದನ್ನು ಹೊರಗಿನಿಂದ ಕಚ್ಚಿಕೊಂಡಿರುತ್ತದೆ. ಸ್ಟೆಮ್ಮಿನ ಕೆಳಗೆ ಬಳೆಗಳ ಹಾಗೆ ಸ್ಪೇಸರ್‌ಗಳು. ಸ್ಟಿಯರರ್ ಉದ್ದ ಬಿಟ್ಟಿದ್ದರೆ ಬಳೆ ಸೇರಿಸಿ ಹ್ಯಾಂಡಲ್ ಮೇಲೆತ್ತಬಹುದು. ಕತ್ತರಿಸಿಬಿಟ್ಟಿದ್ದರೆ ಮುಗಿಯಿತು. ಸ್ಟೆಮ್ ರೈಸರ್ ಅಂತ ಒಂದು ತುಂಡು ಸಿಗುತ್ತದೆ, ಎತ್ತರವೇನೋ ಸಿಗುತ್ತದೆ. ಆದರೆ ನನ್ನ ಸೈಕಲ್ ಎತ್ತರದಲ್ಲಿ ಮಾತ್ರವಲ್ಲ, ಉದ್ದದಲ್ಲೂ ತಪ್ಪಿತ್ತು. 21,000ಕ್ಕೆ ಕಾಲೇಜು ಹುಡುಗನಿಗೆ ಮಾರಿದೆ. ಅವನ ಬೆನ್ನಿಗೆ ಅದು ಸರಿಯಾಗಿ ಕೂತಿತು.

ಆಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಬಗ್ಗಿದ್ದರಿಂದ ನೋವಾಯಿತು, ಹಾಗಾದರೆ ನೆಟ್ಟಗೆ ಕೂತರೆ ಸರಿ ಅಂದುಕೊಂಡೆ. ಬೆನ್ನುನೋವಿರುವ ಪ್ರತಿಯೊಬ್ಬರೂ ಮೊದಲು ಹೀಗೇ ಯೋಚಿಸುತ್ತಾರೆ. ಹ್ಯಾಂಡಲ್ ಎದೆಯ ಎತ್ತರಕ್ಕೆ ಬಂದು ಹೊಟ್ಟೆಯ ಹತ್ತಿರಕ್ಕೆ ಬಾಗಿದ, ಅಗಲ ಸೀಟಿನ ಸಿಟಿ ಸೈಕಲ್ ಒಂದನ್ನು ಸಹೋದ್ಯೋಗಿಯ ಅಕ್ಕನಿಂದ ಒಂದು ವಾರಕ್ಕೆ ಎರವಲು ತಂದೆ. ಅಂಥದ್ದೇ ಹೊಸದಕ್ಕೆ ಅಡ್ವಾನ್ಸ್ ಕೊಡೋದು ಅಂತ ನಿರ್ಧಾರ ಆಗಿತ್ತು.

ಮೊದಲ ಎರಡು ದಿನ ಸ್ವರ್ಗ. ಮೂರನೇ ದಿನ ರಿಂಗ್ ರೋಡಿನ ಸರ್ವಿಸ್ ರಸ್ತೆಯಲ್ಲಿ ಹೋದೆ. ಒಂದೊಂದು ಹಂಪಿನ ಪೆಟ್ಟೂ ಸೀಟಿನಿಂದ ಸೀದಾ ತಲೆಬುರುಡೆಗೆ ಏರುತ್ತಿತ್ತು. ಯೋಚಿಸಿದರೆ ಸಹಜವೇ. ಬೆನ್ನು ಕಂಬದ ಹಾಗೆ ನೆಟ್ಟಗಿದ್ದರೆ ಮೈಭಾರವೆಲ್ಲ ಅಂಡಿನ ಮೇಲೆ. ಕೆಳಗಿನಿಂದ ಬಂದ ಪೆಟ್ಟನ್ನು ಮೂಳೆ ಮೂಳೆಯೂ ನೇರವಾಗಿ ತಿನ್ನಬೇಕು. ಇನ್ನೂ ಒಂದಿದೆ. ನೆಟ್ಟಗೆ ಕೂತೆ ಅಂತ ನಾವು ಅಂದುಕೊಂಡಿರುತ್ತೇವೆ. ಅರ್ಧ ಗಂಟೆಯ ಹೊತ್ತಿಗೆ ಕಿಬ್ಬೊಟ್ಟೆ ಸಡಿಲ ಬಿಟ್ಟು, ಸೋಫಾದಲ್ಲಿ ಕುಸಿದ ಹಾಗೆ ಸೊಂಟ ಹಿಂದಕ್ಕೆ ಗುಂಡಗಾಗಿರುತ್ತದೆ. ನನಗೂ ಅದೇ ಆಯಿತು.

ಅಪ್ಪನಿಗೆ ಫೋನ್ ಮಾಡಿ ಕೇಳಿದೆ, ನಿಮಗೆ ಯಾಕೆ ಏನೂ ಆಗಲಿಲ್ಲ ಅಂತ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅದರ ಸೀಟಿನ ಕೆಳಗೆ ದಪ್ಪ ದಪ್ಪ ಸ್ಪ್ರಿಂಗ್ ಇದ್ದೋ ಕಣವ್ವ" ಅಂದರು. ನಿಜ. ತೊಗಲಿನ ಸೀಟು, ಅದರಡಿ ಹೆಬ್ಬೆರಳು ಗಾತ್ರದ ಸುರುಳಿ. 28 ಇಂಚಿನ ದೊಡ್ಡ ಚಕ್ರ. ಮುಂದಿನ ಫೋರ್ಕು ಹಾಯಾಗಿ ಮುಂದಕ್ಕೆ ಚಾಚಿ, ಎರಡು ಚಕ್ರಗಳ ನಡುವೆ ಒಳ್ಳೆ ಅಂತರ. ಹಳ್ಳ ಬಂದರೆ ತೂಗಿಕೊಂಡು ದಾಟುತ್ತಿತ್ತು. ವೇಗವೂ ಅಷ್ಟೇ, ಗಂಟೆಗೆ ಹನ್ನೆರಡು ಕಿಲೋಮೀಟರ್ ಇದ್ದರೆ ಹೆಚ್ಚು. ನಮ್ಮ ರಸ್ತೆಗಳಿಗೆ ಆ ಸೈಕಲ್ ಎಷ್ಟು ಹೊಂದಿಕೊಂಡಿತ್ತು ಅಂತ ನನಗೆ ಈಗ ಗೌರವ ಹುಟ್ಟುತ್ತದೆ. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದ ದಿನವೇ. ಪೇಪರಿನಲ್ಲಿ ಓದಿದ ದಿನ ಅಪ್ಪ ಊಟದ ಹೊತ್ತಿನಲ್ಲಿ ಮಾತಾಡಲಿಲ್ಲ.

ನನ್ನ ಗಂಟು ಬಿಡಿಸಿದ್ದು ಫಿಸಿಯೋಥೆರಪಿ ಮಾಡಿಸಿದ ಹುಡುಗಿ. ನೋವಿನ ದಿನಗಳಲ್ಲೇ ಅವಳು ಒಂದು ಪಾಠ ಹೇಳಿಕೊಟ್ಟಿದ್ದಳು. "ಮೇಡಂ, ಬಗ್ಗೋದು ತಪ್ಪಲ್ಲ. ಎಲ್ಲಿಂದ ಬಗ್ತೀರ ಅನ್ನೋದನ್ನ ನೋಡ್ಕೊಳ್ಳಿ" ಅಂತ. ಒಂದು ಕೋಲು ತಗೊಂಡು ಬೆನ್ನಿನ ಉದ್ದಕ್ಕೂ ಇಟ್ಟುಕೊಳ್ಳಬೇಕು. ತಲೆಯ ಹಿಂಭಾಗ, ಎರಡು ಹೆಗಲ ಮೂಳೆಗಳ ನಡು, ಬಾಲಮೂಳೆಯ ಜಾಗ, ಈ ಮೂರು ಕಡೆ ಕೋಲು ತಾಗಿರಬೇಕು. ಕೋಲಿಗೂ ಸೊಂಟಕ್ಕೂ ನಡುವೆ ಅಂಗೈ ತೂರುವಷ್ಟು ಸಂದು ಇರಬೇಕು. ಈಗ ಮಂಡಿ ಸ್ವಲ್ಪ ಮಡಚಿ, ಅಂಡನ್ನು ಹಿಂದಕ್ಕೆ ದೂಡುತ್ತಾ ಮುಂದಕ್ಕೆ ಬಾಗಬೇಕು. ತೊಡೆ ಸೇರುವ ಕೀಲಿನಿಂದ ಬಾಗಿದರೆ ಕೋಲು ಅಲ್ಲಾಡುವುದಿಲ್ಲ. ಸೊಂಟ ಗುಂಡಗೆ ಮಾಡಿ ಬಗ್ಗಿದರೆ ಬಾಲಮೂಳೆಯ ಹತ್ತಿರ ಕೋಲು ಎದ್ದು ನಿಲ್ಲುತ್ತದೆ. ನಮ್ಮನೆಯಲ್ಲಿ ನೆಲ ಒರೆಸುವ ಕೋಲು ಬಿಚ್ಚಿ ಇದನ್ನು ದಿನಾ ಮಾಡುತ್ತಿದ್ದೆ.

ಎರವಲು ಸೈಕಲ್ ವಾಪಸ್ ಕೊಟ್ಟ ಸಂಜೆ ಕಸ ಗುಡಿಸಿ ನೆಲ ಒರೆಸುತ್ತಿದ್ದೆ. ಕೈಯಲ್ಲಿ ಅದೇ ಕೋಲು. ಇದನ್ನೇ ಸೈಕಲ್ ಮೇಲೆ ಕೂತು ಮಾಡಿದರೆ ಹೇಗೆ ಅಂತ ಹೊಳೆಯಿತು.

ಪಕ್ಕದ ಮನೆಯ ಹುಡುಗನ ಸೈಕಲ್ ಕೇಳಿ ತಂದು ಗೋಡೆಗೆ ಆನಿಸಿದೆವು. ಸೀಟು ನನ್ನ ಎತ್ತರಕ್ಕೆ ಇಳಿಸಿ, ಹತ್ತಿ ಕೂತು ಹ್ಯಾಂಡಲ್ ಹಿಡಿದೆ. ಮಗಳು ಹಿಂದೆ ಸ್ಟೂಲ್ ಮೇಲೆ ನಿಂತು ಕೋಲನ್ನು ಬೆನ್ನಿಗೆ ಒತ್ತಿ ಹಿಡಿದಳು. ರಸ್ತೆ ನೋಡೋಕೆ ತಲೆ ಎತ್ತಲೇಬೇಕು, ಹಾಗಾಗಿ ತಲೆಯ ಲೆಕ್ಕ ಬಿಟ್ಟೆವು. ಹೆಗಲ ನಡು ಮತ್ತು ಬಾಲಮೂಳೆ, ಈ ಎರಡೇ. ಹ್ಯಾಂಡಲ್ಲಿನ ಮೇಲೆ ಕೈ ಮುಂದಕ್ಕೆ ಚಾಚಿದೆ. "ಅಮ್ಮ, ಕೆಳಗಡೆ ಬಿಟ್ಕೊಳ್ತು" ಅಂದಳು. ಕೈಯನ್ನು ಹ್ಯಾಂಡಲ್ಲಿನಿಂದ ಒಂದು ಗೇಣು ಮೇಲೆ, ನಾಲ್ಕು ಬೆರಳು ಹಿಂದೆ, ಗಾಳಿಯಲ್ಲಿ ಹಿಡಿದೆ. "ಈಗ ತಾಗಿದೆ." ಇನ್ನೂ ಹಿಂದೆ ತಂದು ಪೂರ್ತಿ ನೆಟ್ಟಗಾದೆ. ಸೊಂಟದ ಸಂದಿಯಲ್ಲಿ ಅವಳ ಅಂಗೈ ತೂರಲಿಲ್ಲ. ಆ ಎರಡರ ನಡುವೆ ಒಂದು ಜಾಗ ಇತ್ತು. ಮೈ ನೆಲದಿಂದ ಸುಮಾರು 60 ಡಿಗ್ರಿಯಲ್ಲಿ ಇರುವ ಹಾಗೆ ಮುಂದಕ್ಕೆ ವಾಲಿರುತ್ತದೆ, ಸೊಂಟದ ಒಳಬಾಗು ಹಾಗೇ ಇರುತ್ತದೆ, ಅಂಗೈಗಳ ಮೇಲೆ ಸ್ವಲ್ಪ ಭಾರ ಬೀಳುತ್ತದೆ. ನನಗೆ ಬೇಕಾದ ಸೈಕಲ್ ಅಂದರೆ ಹ್ಯಾಂಡಲ್ ಆ ಜಾಗಕ್ಕೆ ಬರುವ ಸೈಕಲ್. ಬ್ರ್ಯಾಂಡು, ಗೇರು, ಬಣ್ಣ ಎಲ್ಲ ಅದಾದ ಮೇಲೆ.

ಮಗಳು ಗೋಡೆಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದಳು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಎರಡೂ ಪೆಡ್ಲುಗಳು ತಿರುಗುವ ನಡುಅಚ್ಚಿನಿಂದ ಮೇಲಕ್ಕೆ ಎಷ್ಟು, ಮುಂದಕ್ಕೆ ಎಷ್ಟು ಅಂತ ಅಳೆದಳು. ಇದೇ ಬಗೆಯ ಅಳತೆಗೆ ಸೈಕಲ್ ಕಂಪನಿಗಳು ಎರಡು ಹೆಸರು ಕೊಟ್ಟಿವೆ: ಸ್ಟ್ಯಾಕ್ ಮತ್ತು ರೀಚ್. ನಡುಅಚ್ಚಿನಿಂದ ಫ್ರೇಮಿನ ಕತ್ತಿನ, ಅಂದರೆ ಸ್ಟಿಯರರ್ ತೂರುವ ಪೈಪಿನ, ಮೇಲ್ತುದಿಯ ತನಕ ನೇರ ಎತ್ತರ ಸ್ಟ್ಯಾಕ್. ಅಡ್ಡ ದೂರ ರೀಚ್. ಬಹಳಷ್ಟು ಕಂಪನಿಗಳ ವೆಬ್‌ಸೈಟಿನಲ್ಲಿ ಪ್ರತಿ ಸೈಜಿಗೂ ಈ ಎರಡು ಅಂಕಿ ಇರುತ್ತವೆ. ಸೈಜ್ ಮೀಡಿಯಮ್, ಲಾರ್ಜ್ ಅನ್ನೋದರಿಂದ ಬೆನ್ನಿಗೆ ಏನೂ ತಿಳಿಯುವುದಿಲ್ಲ, ಒಂದು ಕಂಪನಿಯ ಮೀಡಿಯಮ್ ಇನ್ನೊಂದರ ಸ್ಮಾಲ್ ಇದ್ದ ಹಾಗೆ. ಸ್ಟ್ಯಾಕನ್ನು ರೀಚ್‌ನಿಂದ ಭಾಗಿಸಿ ನೋಡಿ. 1.4ರ ಆಸುಪಾಸು ಬಂದರೆ ರೇಸಿನ ಸ್ವಭಾವದ ಫ್ರೇಮು. 1.55, 1.6 ದಾಟಿದರೆ ದೂರದ ಸವಾರಿಗೆ, ನಮ್ಮಂಥ ಬೆನ್ನಿಗೆ. ನಾನು ಮಾರಿದ ಸೈಕಲ್‌ನದು 1.41. ಈಗಿನದು 1.63. ಇದೊಂದು ಭಾಗಾಕಾರ ಮೊದಲೇ ಗೊತ್ತಿದ್ದಿದ್ದರೆ ಕಾವೇರಿ ಸೇತುವೆಯ ಮೇಲೆ ಹಾಗೆ ನಿಲ್ಲಬೇಕಾಗಿರಲಿಲ್ಲ.

ಹುಡುಕುವಾಗ ಸರ್ಲಿ ಲಾಂಗ್ ಹಾಲ್ ಟ್ರಕರ್, ಟ್ರೆಕ್ 520ಯಂಥ ಹೆಸರಾಂತ ಟೂರಿಂಗ್, ಅಂದರೆ ದೂರ ಪ್ರಯಾಣದ, ಸೈಕಲ್ಲುಗಳ ಅಂಕಿಗಳನ್ನು ಪಾಠದ ಹಾಗೆ ಓದಿದೆ. ಸರ್ಲಿಯದು 2004ರಲ್ಲಿ ಬಂದ, ಕ್ರೋಮೋಲಿ ಅನ್ನುವ ಮಿಶ್ರ ಉಕ್ಕಿನ ಫ್ರೇಮು. ನಡುಅಚ್ಚಿನಿಂದ ಹಿಂದಿನ ಚಕ್ರದ ನಡುವಿಗೆ 460 ಮಿಲಿಮೀಟರ್. ರೇಸ್ ಸೈಕಲ್ಲುಗಳಲ್ಲಿ ಇದು 410ರ ಹತ್ತಿರ ಇರುತ್ತದೆ. ಈ ಐದು ಸೆಂಟಿಮೀಟರ್‌ನಿಂದ ಎರಡು ಲಾಭ. ಪಕ್ಕದ ಚೀಲಕ್ಕೆ ಹಿಮ್ಮಡಿ ತಾಗುವುದಿಲ್ಲ. ಸವಾರಿಯ ಭಾರ ಹಿಂದಿನ ಚಕ್ರದ ನೆತ್ತಿಯ ಮೇಲೆ ಬೀಳದೆ ಸ್ವಲ್ಪ ಮುಂದೆ ಬೀಳುತ್ತದೆ, ಆ ಚಕ್ರ ಹಳ್ಳಕ್ಕೆ ಇಳಿದಾಗ ಪೆಟ್ಟು ಕಡಿಮೆ. ಆ ಸೈಕಲ್ಲುಗಳು ನನ್ನ ಬಜೆಟ್ಟಿನಲ್ಲಿ ಇರಲಿಲ್ಲ. ಆದರೆ ಏನನ್ನು ನೋಡಬೇಕು ಅಂತ ಅವುಗಳಿಂದ ಕಲಿತೆ.

ಕೊನೆಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ, ವಿದೇಶಕ್ಕೆ ಹೊರಟಿದ್ದ ದಂಪತಿಗಳ ಮನೆಯಲ್ಲಿ. ಯುರೋಪಿನಲ್ಲಿ ಟ್ರೆಕ್ಕಿಂಗ್ ಸೈಕಲ್ ಅನ್ನುತ್ತಾರಲ್ಲ, ಸಾಮಾನು ಕಟ್ಟಿಕೊಂಡು ದೂರ ಹೋಗೋಕೆ ಮಾಡಿದ್ದು, ಆ ಜಾತಿಯದು. ನಮ್ಮಲ್ಲಿ ಲೇಡೀಸ್ ಸೈಕಲ್ ಅನ್ನುವ ಹಾಗೆ ನಡುದಂಡ ಕೆಳಕ್ಕೆ ಬಾಗಿದೆ. ಸ್ಟಿಯರರ್ ಉದ್ದ ಬಿಟ್ಟಿದ್ದಾರೆ, ನಾಲ್ಕು ಬಳೆ ಹಾಗೇ ಇವೆ. ಮೊದಲು ನೋಡಿದ್ದು ಅದನ್ನೇ. ಮಗಳು ಬಸ್ಸಿನಲ್ಲಿ ಕೋಲು ತಂದಿದ್ದಳು. ಅವರ ಪಾರ್ಕಿಂಗ್ ಜಾಗದಲ್ಲೇ ಪರೀಕ್ಷೆ ಮಾಡಿದೆವು. ಆ ಮನೆಯಾಕೆ ಸೈಕಲ್ ಹಿಡಿದುಕೊಂಡರು. 100 ಮಿಲಿಮೀಟರಿನ ಸ್ಟೆಮ್ ತೆಗೆದು 60ರದು ಹಾಕಿಸಬೇಕಾಯಿತು, ಅಷ್ಟೇ. ಈಗ ಹ್ಯಾಂಡಲ್ ಸೀಟಿಗಿಂತ 4 ಸೆಂಟಿಮೀಟರ್ ಮೇಲಿದೆ.

ನಡುದಂಡ ಬಾಗಿದ ಫ್ರೇಮಿನ ಬಗ್ಗೆ ಒಂದು ಮಾತು. ದೂರ ಹೋಗುವವರಿಗೆ ಅದು ಸಲ್ಲದು, ಗಂಡಸರಂತೂ ಹತ್ತಬಾರದು ಅನ್ನುವ ಭಾವನೆ ನಮ್ಮಲ್ಲಿದೆ. ಇದನ್ನು ಬಿಡಬೇಕು. ಹಿಂದಿನ ಕ್ಯಾರಿಯರ್ ಮೇಲೆ ಸಾಮಾನು ಕಟ್ಟಿರುವಾಗ ಕಾಲನ್ನು ಹಿಂದಿನಿಂದ ಬೀಸಿ ಹತ್ತಬೇಕು ಅಂದರೆ ಒಂಟಿ ಕಾಲಲ್ಲಿ ನಿಂತು ಸೊಂಟ ತಿರುಚಿದಂತೆ. ದಿನಕ್ಕೆ ಇಪ್ಪತ್ತು ಸಲ. ಡಿಸ್ಕ್ ನೋವಿದ್ದವರಿಗೆ ತುಳಿಯೋದಕ್ಕಿಂತ ಈ ಹತ್ತಿ ಇಳಿಯೋದೇ ಕಷ್ಟ. ಬಾಗಿದ ದಂಡದ ಮೇಲೆ ಕಾಲು ದಾಟಿಸಿದರೆ ಆಯಿತು.

ಟಯರಿಗೆ ಬರೋಣ. ಬೆನ್ನಿಗಾಗಿ ನೂರು ರೂಪಾಯಿ ಖರ್ಚು ಮಾಡೋಕೆ ಇದೆ ಅಂದರೆ ಮೊದಲ ಎಪ್ಪತ್ತು ಟಯರಿಗೆ ಹಾಕಿ. ಉಕ್ಕಿನ ಫ್ರೇಮು ಮೆತ್ತಗೆ, ಅಲ್ಯೂಮಿನಿಯಂ ಬಿರುಸು ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನ್ನ ಅನುಭವದಲ್ಲಿ ಟಯರಿನ ಅಗಲದ ಮುಂದೆ ಅದು ಸಣ್ಣ ವಿಷಯ. ಮೊದಲ ಸೈಕಲ್‌ನಲ್ಲಿ 28 ಮಿಲಿಮೀಟರ್ ಟಯರಿಗೆ 90 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿಸುತ್ತಿದ್ದೆ. ಈಗ 42 ಮಿಲಿಮೀಟರ್, 45 ಪಿಎಸ್‌ಐ. ಗಾಳಿಯೇ ಸ್ಪ್ರಿಂಗ್. ಹೆಬ್ಬೆರಳಲ್ಲಿ ಒತ್ತಿದರೆ ಚೂರು ಒಳಗೆ ಹೋಗಬೇಕು. ಪಂಚರ್ ಅಂಗಡಿಯವರು ಕಲ್ಲಿನ ಹಾಗೆ ಗಟ್ಟಿ ಆಗುವ ತನಕ ಗಾಳಿ ಹೊಡೆದು ಕಳಿಸುತ್ತಾರೆ, ಆಚೆ ಬಂದು ಸ್ವಲ್ಪ ಬಿಟ್ಟುಬಿಡಿ. ಅಗಲ ಟಯರಿನಿಂದ ವೇಗ ಕಡಿಮೆಯಾಗುತ್ತದೆ ಅನ್ನುತ್ತಾರೆ. ನಮ್ಮ ರಸ್ತೆಯಲ್ಲಿ ನನಗೆ ಹಾಗನ್ನಿಸಿಲ್ಲ. ಕೊಳ್ಳುವ ಮುಂಚೆ ಫ್ರೇಮು ಮತ್ತು ಫೋರ್ಕಿನಲ್ಲಿ 40ರ ಟಯರು ತೂರುತ್ತದಾ ಅಂತ ಕೇಳಿ. ತೂರದಿದ್ದರೆ ಆ ಸೈಕಲ್ ಬೇಡ.

ಸೀಟು ಮೆತ್ತಗಿದ್ದಷ್ಟೂ ಒಳ್ಳೆಯದು ಅನ್ನೋದು ಸುಳ್ಳು. ದಪ್ಪ ಸ್ಪಂಜಿನಲ್ಲಿ ಮೈ ಮುಳುಗುತ್ತದೆ, ಆಧಾರ ಸಿಗದೆ ಸೊಂಟ ಅತ್ತಿತ್ತ ತೂಗುತ್ತದೆ. ಅಂಡಿನಲ್ಲಿ ಎರಡು ಮೂಳೆಗಳಿವೆ, ಅವು ಕೂರುವಷ್ಟು ಅಗಲ ಇದ್ದರೆ ಸಾಕು. ರಟ್ಟಿನ ತುಂಡೊಂದನ್ನು ಮೆಟ್ಟಿಲ ಮೇಲಿಟ್ಟು ಅದರ ಮೇಲೆ ಕೂತು ಎದ್ದರೆ ಎರಡು ಗುಳಿ ಬೀಳುತ್ತವೆ. ಆ ಗುಳಿಗಳ ನಡುವಿನ ದೂರ ಅಳೆದು, ಅದಕ್ಕೆ ಎರಡು ಮೂರು ಸೆಂಟಿಮೀಟರ್ ಸೇರಿಸಿ ಸೀಟಿನ ಅಗಲ ಆರಿಸಿದೆ. ಬ್ರೂಕ್ಸ್ ಕಂಪನಿಯ ಬಿ17 ಅನ್ನುವ ತೊಗಲಿನ ಸೀಟು ನೂರು ವರ್ಷಕ್ಕೂ ಮೇಲ್ಪಟ್ಟು ಟೂರಿಂಗ್ ಮಾಡುವವರ ಪ್ರೀತಿಯದು, ಮೈಗೆ ತಕ್ಕ ಹಾಗೆ ನಿಧಾನಕ್ಕೆ ಪಳಗುತ್ತದೆ. ಮಳೆಗಾಲದಲ್ಲಿ ಅದನ್ನು ಕಾಪಾಡೋದು ನನ್ನಿಂದ ಆಗಲ್ಲ ಅಂತ ಬಿಟ್ಟೆ. ಸೀಟಿನ ಕೆಳಗೆ ಸ್ಪ್ರಿಂಗ್ ಇರುವ ಕಂಬ, ಸಸ್ಪೆನ್ಶನ್ ಸೀಟ್‌ಪೋಸ್ಟ್ ಹಾಕಿಸಿದೆ. ಅಪ್ಪನ ಅಟ್ಲಾಸ್ ನೆನಪಿಗೆ ಅಂದರೂ ಸರಿಯೇ.

ಸೀಟಿನ ಎತ್ತರವನ್ನು ಬಹಳ ಜನ ತಪ್ಪು ಮಾಡುತ್ತಾರೆ. ಜಾಸ್ತಿ ಎತ್ತರ ಇದ್ದರೆ ಪೆಡ್ಲು ಮುಟ್ಟೋಕೆ ಪ್ರತಿ ಸುತ್ತಿಗೂ ಸೊಂಟ ಎಡಕ್ಕೆ ಬಲಕ್ಕೆ ಇಳಿಯುತ್ತದೆ. ಒಂದು ಗಂಟೆಯಲ್ಲಿ ನಾಲ್ಕು ಸಾವಿರ ಸಲಕ್ಕೂ ಹೆಚ್ಚು. ಹಿಮ್ಮಡಿಯನ್ನು ಪೆಡ್ಲಿನ ಮೇಲಿಟ್ಟು ಕೆಳಕ್ಕೆ ತಳ್ಳಿದಾಗ ಕಾಲು ಆಗಷ್ಟೇ ನೇರ ಆಗಬೇಕು. ಸೀಟಿನ ಮೂತಿಯೂ ಮುಖ್ಯ. ಇಸ್ರೇಲಿನ ವೈದ್ಯರ ಒಂದು ತಂಡ 1999ರಲ್ಲಿ ಸೊಂಟನೋವಿನ ಸೈಕಲ್ ಸವಾರರ ಸೀಟಿನ ಮೂತಿಯನ್ನು 10ರಿಂದ 15 ಡಿಗ್ರಿ ಕೆಳಗೆ ಬಾಗಿಸಿ ನೋಡಿತು. ಹೆಚ್ಚಿನವರಿಗೆ ನೋವು ಇಳಿಯಿತು. ಮೂತಿ ಕೆಳಗಾದರೆ ಸೊಂಟದ ಬುಟ್ಟಿ, ಅಂದರೆ ಪೆಲ್ವಿಸ್ ಮೂಳೆ, ಮುಂದಕ್ಕೆ ಉರುಳುತ್ತದೆ, ಕೋಲಿನ ಪಾಠದ ಹಾಗೇ. ನಾನು 10 ಡಿಗ್ರಿ ಮಾಡಿದೆ. ಮುಂದಕ್ಕೆ ಜಾರಿ ಅಂಗೈ ನೋಯತೊಡಗಿತು. ಈಗ 3 ಡಿಗ್ರಿಗೆ ನಿಂತಿದೆ. ಮೊಬೈಲನ್ನೇ ಸೀಟಿನ ಮೇಲಿಟ್ಟು ಅಳೆಯಬಹುದು.

ಗೇರು: ಮುಂದೆ ಸಣ್ಣ ಚಕ್ರಕ್ಕೆ 26 ಹಲ್ಲು, ಹಿಂದೆ ದೊಡ್ಡದಕ್ಕೆ 34. ಏರಿನಲ್ಲಿ ನಡಿಗೆಯ ವೇಗಕ್ಕೆ ಇಳಿದರೂ ಕಾಲು ಹಗುರಾಗಿ ತಿರುಗುತ್ತದೆ. ಭಾರದ ಗೇರನ್ನು ಮುಕ್ಕಿ ತುಳಿದರೆ ಹ್ಯಾಂಡಲ್ ಜಗ್ಗಬೇಕು, ಆ ಜಗ್ಗಾಟವೆಲ್ಲ ಸೊಂಟಕ್ಕೆ.

ಬೆನ್ನಿಗೆ ಬ್ಯಾಗ್ ಬೇಡವೇ ಬೇಡ. ಎಲ್ಲ ಭಾರ ಕ್ಯಾರಿಯರ್‌ಗೆ, ಎರಡೂ ಪಕ್ಕ ಸಮ.

ಇನ್ನು ಯಾರೂ ಹೇಳದ ಒಂದು ವಿಷಯ. ಜರ್ಮನಿಯ ಉಲ್ಮ್ ನಗರದ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಆರೋಗ್ಯವಂತ ಮನುಷ್ಯನ ಎಲ್4-ಎಲ್5 ಡಿಸ್ಕಿನ ಒಳಗೇ ಒತ್ತಡ ಅಳೆಯುವ ಸಾಧನ ಇಟ್ಟು 1999ರಲ್ಲಿ ಲೆಕ್ಕ ಪ್ರಕಟಿಸಿದರು. ಅಂಗಾತ ಮಲಗಿದಾಗ 0.1 ಮೆಗಾಪಾಸ್ಕಲ್. ನಿಂತಾಗ 0.5. ನಿಂತು ಮುಂದಕ್ಕೆ ಬಗ್ಗಿದಾಗ 1.1. ಬೆನ್ನು ಗುಂಡಗೆ ಮಾಡಿ 20 ಕೆ.ಜಿ. ಎತ್ತಿದಾಗ 2.3. ಅದನ್ನೇ ಮಂಡಿ ಮಡಚಿ ಎತ್ತಿದರೆ 1.7. ಒಬ್ಬನೇ ಮನುಷ್ಯನ ಲೆಕ್ಕ, ನಿಜ. ಆದರೂ ಓದಿ ನಾನು ಬೆಚ್ಚಿದೆ. ನನ್ನ ಸೈಕಲ್ 15 ಕೆ.ಜಿ., ಚೀಲ ಸೇರಿದರೆ 22. ನಮ್ಮ ಮನೆ ಮೊದಲ ಮಹಡಿ, 19 ಮೆಟ್ಟಿಲು. ಅಂದರೆ ಸವಾರಿಗಿಂತ ದೊಡ್ಡ ಅಪಾಯ ಮನೆ ಬಾಗಿಲಲ್ಲೇ ಇತ್ತು. ಕೆಳಗಿನ ಮನೆ ಓನರ್ ಅಮ್ಮನಿಗೆ ವಿಷಯ ಹೇಳಿದೆ. ಮೆಟ್ಟಿಲ ಕೆಳಗೆ ಇಟ್ಟಿದ್ದ ಹಳೇ ಹಂಡೆ ತೆಗೆಸಿ ಜಾಗ ಮಾಡಿಕೊಟ್ಟರು. ಸೈಕಲ್ ಆರಿಸುವಾಗ ಅದು ರಾತ್ರಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಯೋಚಿಸಿ.

ಒರಗಿ ಕೂತು ಕಾಲು ಮುಂದೆ ಚಾಚಿ ತುಳಿಯುವ ರಿಕಂಬೆಂಟ್ ಸೈಕಲ್ಲುಗಳೂ ಇವೆ. ಬೆನ್ನಿಗೆ ಅವುಗಳಷ್ಟು ಹಾಯಾದದ್ದು ಇಲ್ಲ ಅನ್ನುವವರಿದ್ದಾರೆ. 1933ರಲ್ಲಿ ಫ್ರಾನ್ಸಿಸ್ ಫೋರ್ ಅನ್ನುವ ಫ್ರೆಂಚ್ ಸವಾರ ಅಂಥದ್ದರಲ್ಲಿ ಒಂದು ಗಂಟೆಗೆ 45 ಕಿಲೋಮೀಟರ್ ದಾಟಿ ದಾಖಲೆ ಮುರಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಅಂಥ ಸೈಕಲ್ಲುಗಳನ್ನು ರೇಸಿನಿಂದ ಹೊರಗಿಟ್ಟಿತು. ಹಾಗಾಗದಿದ್ದರೆ ಇವತ್ತು ಅಂಗಡಿಗಳಲ್ಲಿ ಅವೂ ಇರುತ್ತಿದ್ದವೇನೋ. ಖಾಲಿ ರಸ್ತೆಯ ಊರಲ್ಲಿರುವವರು ಖಂಡಿತ ನೋಡಿ. ಇಲ್ಲಿ ಬಸ್ಸಿನ ಚಕ್ರದ ಎತ್ತರದಲ್ಲಿ ಕೂತು ಹೋಗೋಕೆ ನನಗೆ ಮನಸ್ಸು ಬರಲಿಲ್ಲ.

ಹೋದ ಡಿಸೆಂಬರ್‌ನ ಒಂದು ಶನಿವಾರ, ಬೆಳಗ್ಗೆ 5:40ಕ್ಕೆ ಮೇಲುಕೋಟೆಗೆ ಹೊರಟೆ. ಜೊತೆಗೆ ನಮ್ಮ ವಿಜ್ಞಾನದ ಟೀಚರ್. ಸುಮಾರು 50 ಕಿಲೋಮೀಟರ್. ತಿಂಗಳುಗಟ್ಟಲೆ ಹುಡುಕಿ ಸರಿಯಾದ ಸೈಕಲ್ ಸಿಕ್ಕಿದ್ದರೂ ಒಂದು ನಿಯಮ ಬಿಡಲಿಲ್ಲ: 40 ನಿಮಿಷಕ್ಕೊಮ್ಮೆ ಇಳಿಯಬೇಕು, ಸೊಂಟದ ಮೇಲೆ ಎರಡೂ ಕೈ ಇಟ್ಟು ಹಿಂದಕ್ಕೆ ಐದು ಸಲ ಬಾಗಬೇಕು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಮಂಜು ಇನ್ನೂ ನೀರಿನ ಮೇಲೇ ಇತ್ತು. ನಿಲ್ಲಲಿಲ್ಲ. ಪಾಂಡವಪುರದಲ್ಲಿ ಇಡ್ಲಿ ತಿಂದೆವು. ಹೋಟೆಲಿನ ಬೆಂಚಿಗಿಂತ ಸೈಕಲ್ ಸೀಟೇ ಸೊಂಟಕ್ಕೆ ಹಿತ ಅನ್ನಿಸಿತು. ಆಮೇಲೆ ಕಬ್ಬಿನ ಗದ್ದೆಗಳ ನಡುವೆ, ಆಲೆಮನೆಯ ಹೊಗೆ ಮೂಗಿಗೆ ಬಡಿಯುತ್ತಾ ದಾರಿ. ಜಕ್ಕನಹಳ್ಳಿ ದಾಟಿದ ಮೇಲೆ ಏರು. 26ಕ್ಕೆ 34 ಹಾಕಿ, ಎಣಿಸಿದ ಹಾಗೆ ತುಳಿದೆ. ಒಂದು ಕಡೆ ಟೀಚರ್ ಇಳಿದು ತಳ್ಳಿದರು, ನಾನೂ ಇಳಿದೆ, ಇಬ್ಬರೂ ಮಾತಾಡುತ್ತಾ ನಡೆದೆವು.

ಕಲ್ಯಾಣಿಯ ಮಂಟಪದ ನೆರಳಲ್ಲಿ ಚಪ್ಪಡಿಯ ಮೇಲೆ ಅಂಗಾತ ಮಲಗಿದೆ. ಮಂಡಿ ಮಡಚಿ ಎರಡೂ ಪಾದ ಕಲ್ಲಿಗೆ ಊರಿದೆ. ಕಲ್ಲು ತಣ್ಣಗಿತ್ತು. ಎಡಗಾಲಿನ ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿದೆ. ಐದೂ ಗೊತ್ತಾಗುತ್ತಿದ್ದವು. ಹಾಗೇ ಮಲಗಿಕೊಂಡೇ ಅಪ್ಪನಿಗೆ ಫೋನ್ ಮಾಡಿದೆ.

"ಎಲ್ಲಿದ್ದೀಯವ್ವ?"

"ಮೇಲುಕೋಟೆ ಕಲ್ಯಾಣಿ ಹತ್ರ, ಅಪ್ಪ. ಸೈಕಲ್‌ನಲ್ಲಿ ಬಂದೆ."

ಆ ಕಡೆ ಸದ್ದಿಲ್ಲ. ಆಮೇಲೆ, "ಹ್ಯಾಂಡಲ್ ಎತ್ತರಕ್ಕೈತಾ?" ಅಂದರು.

"ಸೀಟಿಗಿಂತ ನಾಲ್ಕು ಸೆಂಟಿಮೀಟರ್ ಮೇಲೆ."

"ಸರಿ ಹಂಗಾದ್ರೆ. ಪುಳಿಯೋಗರೆ ತಿನ್ನು. ನಾಳೆ ಇಳಿಜಾರಲ್ಲಿ ಹಿಂದಿನ ಬ್ರೇಕ್ ಮೊದಲು ಹಿಡಿ."